ಒಂದೇ ಒಂದು ಟ್ಯೂಬಾ ಇಟ್ಕೊಳ್ಳೋದಾದ್ರೆ ಯಾವ ಸೈಜು, ಯಾವ ಶ್ರುತಿ?

ಕಾಫಿಸೀಮೆ_ಬಾಸ್

ಎಲ್ಲರಿಗೂ ನಮಸ್ಕಾರ. ನಮ್ಮವರಲ್ಲಿ ಬ್ರಾಸ್, ಅಂದ್ರೆ ಹಿತ್ತಾಳೆ ವಾದ್ಯ, ಊದೋರು ಕಮ್ಮಿ ಅಂತ ಗೊತ್ತು, ಆದ್ರೆ ಬೇರೆ ಬೇರೆ ದೇಶದಲ್ಲಿ ಊದ್ತಿರೋ ನಾಲ್ಕೈದು ಜನ ಇಲ್ಲಿದೀರ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಾನಿರೋದು ಇಂಗ್ಲೆಂಡಲ್ಲಿ, ಓಲ್ಡಮ್ ಹತ್ರ. ಈ ಕಡೆ ಗಿರಣಿ ಕಾಲದಿಂದಲೂ ಊರೂರಿಗೂ ಬ್ರಾಸ್ ಬ್ಯಾಂಡ್ ಇದೆ, ಸೇರಿದೋರಿಗೆ ವಾದ್ಯನೂ ಬ್ಯಾಂಡಿನೋರೇ ಕೊಡ್ತಾರೆ. ನಂದು ಟ್ಯೂಬಾ, ಹಿತ್ತಾಳೆ ವಾದ್ಯಗಳಲ್ಲೇ ಅತಿ ದೊಡ್ಡದು, ಅತಿ ಕೆಳಗಿನ ಸ್ವರದ್ದು, ಬ್ಯಾಂಡಲ್ಲಿ ಅದನ್ನೇ ಬಾಸ್ ಅಂತಾರೆ. ನಂಗೆ ಮೊದಲು ಇ ಫ್ಲಾಟ್ ಶ್ರುತಿಯ ಬಾಸ್ ಕೊಟ್ರು, ಆಮೇಲೆ ಬಿ ಫ್ಲಾಟ್ ಸೀಟು ಖಾಲಿ ಆಯ್ತು ಅಂತ ಅಲ್ಲಿ ಕೂರಿಸಿದ್ರು, ಈಗ ಅದೇ ಊದ್ತಿದೀನಿ. ಎರಡಕ್ಕೂ ಪಾರ್ಟ್ (ನೋಡಿ ಊದೋ ಸ್ವರಲಿಪಿ) ಟ್ರೆಬಲ್ ಕ್ಲೆಫಲ್ಲೇ (ಕ್ಲೆಫ್ ಅಂದ್ರೆ ಯಾವ ಗೆರೆ ಯಾವ ಸ್ವರ ಅಂತ ಹೇಳೋ ಚಿಹ್ನೆ) ಬರೆದಿರ್ತಾರೆ, ಬೆರಳು ಒಂದೇ, ಹಾಗಾಗಿ ಬದಲಾಯಿಸ್ಕೊಳ್ಳೋದು ಕಷ್ಟ ಆಗ್ಲಿಲ್ಲ.

ಈಗ ವಿಷಯ ಏನಂದ್ರೆ, ಪಕ್ಕದೂರಿನ ಹವ್ಯಾಸಿ ಆರ್ಕೆಸ್ಟ್ರಾದೋರು ಕರೆದಿದಾರೆ, ಈ ಸೀಸನ್ನಲ್ಲಿ ಚೈಕೋವ್‌ಸ್ಕಿ ನಾಲ್ಕನೇ ಸಿಂಫನಿ ಇದೆ. ಜೊತೆಗೆ ಗೆಳೆಯರು ನಾಲ್ಕು ಜನ ಕ್ವಿಂಟೆಟ್ ಶುರು ಮಾಡೋಣ ಅಂತಿದಾರೆ, ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರಾಂಬೋನ್, ಕೆಳಗೆ ನಾನು. ಬ್ಯಾಂಡಿನ ವಾದ್ಯನ ಹೊರಗಿನ ಕಾರ್ಯಕ್ರಮಕ್ಕೆ ತಗೊಂಡ್ ಹೋಗೋ ಹಾಗಿಲ್ಲ, ಇನ್ಶೂರೆನ್ಸ್ ವಿಚಾರ. ಅಂದ್ರೆ ನಂದೇ ಅಂತ ಒಂದು ಬೇಕು, ಒಂದೇ ಒಂದು, ಎರಡಕ್ಕೆ ದುಡ್ಡೂ ಇಲ್ಲ ಮನೇಲಿ ಜಾಗನೂ ಇಲ್ಲ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಕಾರು ಚಿಕ್ಕದು, ನನ್ನ ಎತ್ತರ ಐದಡಿ ಎರಡಿಂಚು. ಸೆಕೆಂಡ್ ಹ್ಯಾಂಡ್ ನೋಡ್ತಿದೀನಿ, 4000 ಪೌಂಡ್ ತನಕ ಹೋಗಬಲ್ಲೆ.

ಅಂಗಡಿ ಸೈಟಲ್ಲಿ ನೋಡಿದ್ರೆ 3/4, 4/4, 5/4, 6/4 ಅಂತೆಲ್ಲ ಹಾಕಿರ್ತಾರೆ, ಅದರ ಜೊತೆ ಬಿ ಫ್ಲಾಟ್, ಸಿ, ಇ ಫ್ಲಾಟ್, ಎಫ್. ದೊಡ್ಡದು ತಗೊಂಡ್ರೆ ಆರ್ಕೆಸ್ಟ್ರಾಗೆ ಒಳ್ಳೇದು ಅಂತ ಒಬ್ಬರು, ಚಿಕ್ಕದು ತಗೊಂಡ್ರೆ ಎಲ್ಲದಕ್ಕೂ ಆಗುತ್ತೆ ಅಂತ ಇನ್ನೊಬ್ಬರು. ಮೂರೂ ಕಡೆ ನಡೆಯೋ ವಾದ್ಯ ಅಂತ ಒಂದು ಇದ್ಯಾ?

ಡಲ್ಲಾಸ್_ದೊಡ್ಡಸ್ವರ

ಒಳ್ಳೇ ಪ್ರಶ್ನೆ ಮೇಡಂ. ಮೊದಲು ಆ 3/4, 4/4 ಗೊಂದಲ ಬಗೆಹರಿಸೋಣ. ಅದು ವಾದ್ಯದ ಶ್ರುತಿ ಅಲ್ಲ, ಕೊಳವೆ ಉದ್ದನೂ ಅಲ್ಲ. ಬಿ ಫ್ಲಾಟ್ ಟ್ಯೂಬಾ ಅಂದ್ರೆ ಕೊಳವೆ ಬಿಚ್ಚಿ ಉದ್ದಕ್ಕೆ ಹಾಸಿದ್ರೆ ಸುಮಾರು 18 ಅಡಿ, ಸಿ ಆದ್ರೆ 16, ಇ ಫ್ಲಾಟ್ 13, ಎಫ್ 12. ಅದು 3/4 ಆಗಿರ್ಲಿ 6/4 ಆಗಿರ್ಲಿ ಉದ್ದ ಅಷ್ಟೇ. ಭಿನ್ನರಾಶಿ ಹೇಳೋದು ಆ ಕೊಳವೆ ಎಷ್ಟು ದಪ್ಪ ಆಗ್ತಾ ಹೋಗುತ್ತೆ, ಬೆಲ್, ಅಂದ್ರೆ ತುದಿಯ ದೊಡ್ಡ ಬಾಯಿ, ಎಷ್ಟು ಅಗಲ, ಒಟ್ಟು ಹೊಟ್ಟೆ ಎಷ್ಟು ದೊಡ್ಡದು ಅನ್ನೋದನ್ನ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಇಲ್ಲ, ರೆಡಿಮೇಡ್ ಶರ್ಟಿನ ಮೀಡಿಯಂ ಲಾರ್ಜ್ ಥರ, ಕಂಪನಿಗೊಂದು. ಇವರ 4/4 ಅವರ 5/4 ಆಗಿರುತ್ತೆ. ನಾವೆಲ್ಲ ಮಿರಾಫೋನ್ 186 ಅನ್ನೋ ಮಾಡೆಲ್‌ನ ಮನಸ್ಸಲ್ಲಿ 4/4 ಅಂತ ಇಟ್ಕೊಂಡು ಅದಕ್ಕಿಂತ ದೊಡ್ಡದಾ ಚಿಕ್ಕದಾ ಅಂತ ಲೆಕ್ಕ ಹಾಕ್ತೀವಿ, ಅಷ್ಟೇ.

6/4 ಹುಚ್ಚು ನಮ್ಮ ಅಮೆರಿಕದಲ್ಲಿ ಜಾಸ್ತಿ, ಅದಕ್ಕೆ ಕಾರಣನೂ ಇದೆ. ಅರ್ನಾಲ್ಡ್ ಜೇಕಬ್ಸ್ 1944ರಿಂದ 1988ರ ತನಕ ಚಿಕಾಗೊ ಸಿಂಫನೀಲಿ ಊದಿದ್ದು ಯಾರ್ಕ್ ಕಂಪನಿಯ ದೈತ್ಯ ಸಿ ಟ್ಯೂಬಾ, ಆ ನಾದ ರೆಕಾರ್ಡಿಂಗಲ್ಲಿ ಕೇಳಿ ಬೆಳೆದೋರಿಗೆಲ್ಲ ಅದೇ ಬೇಕು ಅನ್ಸುತ್ತೆ. ಆಮೇಲೆ ಹಿರ್ಸ್‌ಬ್ರೂನರ್, ಯಮಹಾ ಎಲ್ಲ ಅದನ್ನೇ ನೋಡಿ ಮಾಡಿದ್ರು. ಆದ್ರೆ ಅದು ದೊಡ್ಡ ಸಭಾಂಗಣ, ನೂರು ಜನರ ಆರ್ಕೆಸ್ಟ್ರಾ, ಹಿಂದೆ ಮುಂದೆ ನೋಡದೆ ಫೋರ್ಟಿಸ್ಸಿಮೊ ಊದೋ ಟ್ರಾಂಬೋನ್ ಸಾಲು ಇರೋ ಜಾಗಕ್ಕೆ. ಚರ್ಚ್ ಹಾಲಲ್ಲಿ ಐದು ಜನ ಕೂತು ಊದುವಾಗ 6/4 ತಂದ್ರೆ ಎಲ್ಲಾ ಸ್ವರಕ್ಕೂ ಸುತ್ತ ಒಂದು ಗುಂಯ್ ಅನ್ನೋದು ಸೇರ್ಕೊಂಡು ತಾಳ ಎಲ್ಲಿ ಬೀಳ್ತಿದೆ ಅಂತಾನೇ ಗೊತ್ತಾಗಲ್ಲ. ಒಂದೇ ವಾದ್ಯ ಅಂದ್ಮೇಲೆ 6/4 ಪಟ್ಟಿಯಿಂದಾನೇ ತೆಗೀರಿ. 5/4 ನೂ ತೆಗೀಬಹುದು.

ನನ್ನ ಓಟು 4/4 ಸಿ ಟ್ಯೂಬಾಗೆ, ಐದು ವಾಲ್ವ್ (ಬೆರಳಲ್ಲಿ ಒತ್ತಿ ಕೊಳವೆ ಉದ್ದ ಮಾಡೋ ಗುಂಡಿ) ಇರೋದು. ಇಲ್ಲಿ ಸ್ಕೂಲ್ ಬ್ಯಾಂಡಲ್ಲೆಲ್ಲ ಬಿ ಫ್ಲಾಟ್, ಕಾಲೇಜಲ್ಲಿ ಸಂಗೀತ ಸೀರಿಯಸ್ಸಾಗಿ ತಗೊಂಡ್ರೆ ಸಿಗೆ ಬದಲಾಗ್ತಾರೆ. ಆರ್ಕೆಸ್ಟ್ರಾಲಿ ಶಾರ್ಪ್ ಶ್ರುತಿಗಳು ಜಾಸ್ತಿ ಬರುತ್ತೆ, ಅಲ್ಲಿ ಸಿ ಮೇಲೆ ಬೆರಳು ಆರಾಮಾಗಿ ಓಡುತ್ತೆ. ಕ್ವಿಂಟೆಟ್ಟಿಗೂ ಸರಿ ಹೋಗುತ್ತೆ, ನಾನು ನನ್ನ ಕ್ವಿಂಟೆಟಲ್ಲಿ ಅದೇ ಊದೋದು.

ಧಾರವಾಡ_ಸ್ಟುಟ್‌ಗಾರ್ಟ್

ನಮಸ್ಕಾರ ಅಕ್ಕಾರ. ಡಲ್ಲಾಸ್ ಅಣ್ಣಾರು ಸೈಜಿನ ಬಗ್ಗೆ ಹೇಳಿದ್ದು ಖರೇ ಅದ. ಶ್ರುತಿ ಬಗ್ಗೆ ನಂದೂ ಒಂದು ಮಾತು ಕೇಳ್ರಿ.

ಟ್ಯೂಬಾ ಹುಟ್ಟಿದ್ದ ಎಫ್‌ನಾಗ. 1835ರಾಗ ಬರ್ಲಿನ್ನಿನ ವೀಪ್ರೆಕ್ಟ್ ಮತ್ತ ಮೋರಿಟ್ಸ್ ಪ್ರಷ್ಯಾದಾಗ ಪೇಟೆಂಟ್ ತಗೊಂಡಿದ್ದು ಎಫ್ ಬಾಸ್ ಟ್ಯೂಬಾಕ್ಕ. ಈಗೂ ಜರ್ಮನಿ ಆರ್ಕೆಸ್ಟ್ರಾದೊಳಗ ಎಫ್ ಒಂದು, ಬಿ ಫ್ಲಾಟ್ ಒಂದು, ಎರಡೂ ಇಟ್ಕೊಂಡಿರ್ತಾರ, ಪಾರ್ಟ್ ನೋಡಿ ಯಾವುದು ಬೇಕೋ ಅದನ್ನ ತರ್ತಾರ. ನಾ ಇರೋ ಹಳ್ಳಿ ಮ್ಯೂಸಿಕ್‌ಫೆರೈನ್‌ನಾಗ (ಊರಿನ ಸಂಗೀತ ಸಂಘ) ಬರೇ ಬಿ ಫ್ಲಾಟ್, ರೋಟರಿ (ತಿರುಗೋ) ವಾಲ್ವಿಂದು.

ನಿಮಗ ಯಾರರ "ಚಿಕ್ಕದು ಬೇಕಂದ್ರ ಎಫ್ ತಗೋರಿ, ಮ್ಯಾಲಿನ ಸ್ವರ ಹಗೂರ ಬರ್ತಾವ" ಅಂತ ಹೇಳಿದ್ರ ಸ್ವಲ್ಪ ನಿಲ್ರಿ. ಮ್ಯಾಲ ಹಗೂರ ಅನ್ನೋದು ಸುಳ್ಳಲ್ಲ. ಕೊಳವಿ ಉದ್ದ ಕಡಿಮಿ ಆದಷ್ಟೂ ಒಂದು ವಾಲ್ವಿನ ಮ್ಯಾಲ ಸಿಗೋ ಸ್ವರಗಳ ನಡುವಿನ ಅಂತರ ದೊಡ್ಡದಿರ್ತದ, ಅದಕ್ಕ ಎತ್ತರದಾಗ ಹಾರಿ ಹಿಡಿಯೋದು ಸಲೀಸು, ಪಕ್ಕದ ಸ್ವರಕ್ಕ ಜಾರೋದು ಕಡಿಮಿ. ಬಿ ಫ್ಲಾಟಿನ ಮ್ಯಾಲ ಅದ ಎತ್ತರಕ್ಕ ಹೋದ್ರ ಸ್ವರಗಳು ಒಂದಕ್ಕೊಂದು ಅಂಟಿಕೊಂಡ ಕೂತಿರ್ತಾವ. ಆದ್ರ ಕೆಳಗ ಬಂದಾಗ ಎಫ್ ತ್ರಾಸು ಕೊಡ್ತದ. ಭಾಳ ಮಂದಿ ರೋಟರಿ ಎಫ್ ಟ್ಯೂಬಾದಾಗ ಕೆಳಗಿನ ಸಿ ಮತ್ತ ಅದರ ಸುತ್ತಮುತ್ತ ಸ್ವರ ಗಟ್ಟಿಯಾಗಿ ನಿಲ್ಲಂಗಿಲ್ಲ, ಗಾಳಿ ಹೊಡದಷ್ಟೂ ಒಡೀತದ. ಚೈಕೋವ್‌ಸ್ಕಿಯೊಳಗ ಟ್ರಾಂಬೋನ್ ಮೂರು ಮ್ಯಾಲಿಂದ ಒತ್ತುವಾಗ ನಿಮಗ ಬೇಕಾಗೋದು ಅದ ಜಾಗ. ಎರಡನೇ ವಾದ್ಯ ಆಗಿ ಎಫ್ ಛಲೋ, ಇರೋದೊಂದ ಅಂದ್ರ ಬ್ಯಾಡ.

ನನ್ನ ಪ್ರಕಾರ ನೀವು ಈಗ ಊದೋ ಬಿ ಫ್ಲಾಟಿನ ಮ್ಯಾಲ ನಿಲ್ರಿ, ಆದ್ರ 3/4 ಸೈಜಿಂದು ತಗೋರಿ. ಹಗೂರ ಇರ್ತದ, ಬಾಯಿ ಉಸಿರು ಎಲ್ಲಾ ಅದಕ್ಕ ರೂಢಿ ಆಗೇ ಅದ.

ಕಾಫಿಸೀಮೆ_ಬಾಸ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಿ ಬಗ್ಗೆ ಒಂದು ಡೌಟು. ನಮ್ಮ ಬ್ಯಾಂಡಿನ ಪಾರ್ಟ್ ಎಲ್ಲಾ ಇ ಫ್ಲಾಟ್ ಅಥವಾ ಬಿ ಫ್ಲಾಟಿಗೆ ಬರೆದಿರೋದು, ಸಿ ಟ್ಯೂಬಾ ತಗೊಂಡು ಹೋದ್ರೆ ಅಲ್ಲಿ ಓದಿ ಊದೋಕಾಗಲ್ಲ ಅಲ್ವಾ? ಇಲ್ಲಿ ವಿಟ್ ಫ್ರೈಡೇ ಅನ್ನೋ ಹಬ್ಬದ ದಿನ ಸ್ಯಾಡಲ್‌ವರ್ತ್ ಹಳ್ಳಿಗಳಲ್ಲಿ ಬ್ಯಾಂಡ್ ಸ್ಪರ್ಧೆ ಇರುತ್ತೆ, ಡೆಲ್ಫ್, ಡಾಬ್‌ಕ್ರಾಸ್, ಅಪ್ಪರ್‌ಮಿಲ್ ಅಂತ ಒಂದೂರಿಂದ ಇನ್ನೊಂದೂರಿಗೆ ಬಸ್ಸಲ್ಲಿ ಹೋಗಿ ಇಳಿದು, ಗುಡ್ಡದ ರಸ್ತೇಲಿ ಮಾರ್ಚ್ ಮಾಡ್ಕೊಂಡು ಊದಿ, ಮತ್ತೆ ಬಸ್ಸು ಹತ್ತೋದು, ರಾತ್ರಿ ತನಕ. ಆವತ್ತು ಬಿ ಫ್ಲಾಟ್ ಹೊತ್ರೆ ಮಾರನೇ ದಿನ ಭುಜ ಎತ್ತಕ್ಕಾಗಲ್ಲ. ನನ್ನ ಸ್ವಂತದ್ದು ಹಗುರ ಇದ್ರೆ ಆವತ್ತಿಗೂ ಅದನ್ನೇ ತಗೊಂಡು ಹೋಗಬಹುದು ಅಂತ ಆಸೆ.

ಬನ್ನಿಮಂಟಪ_ನಿವೃತ್ತ

ತಾಯಿ, ನಮಸ್ಕಾರ. ನಾನು ಮೈಸೂರಿನವನು, ಪೊಲೀಸ್ ಬ್ಯಾಂಡಿನಲ್ಲಿ ಬಾಸ್ ಊದಿ ನಿವೃತ್ತನಾದವನು. ಅರಮನೆ ಕಾಲದಿಂದ ಬಂದ ಇಂಗ್ಲಿಷ್ ಬ್ಯಾಂಡಿನ ಪದ್ಧತಿಯಲ್ಲೇ ನಮಗೆ ಕಲಿಸಿದ್ದು, ಹಾಗಾಗಿ ನೀವು ಹೇಳುವ ಇ ಫ್ಲಾಟ್, ಬಿ ಫ್ಲಾಟ್ ಎರಡೂ ನನ್ನ ಕೈಗೆ ಗೊತ್ತು. ಸ್ವಲ್ಪ ಉದ್ದ ಬರೀತೀನಿ, ಸಮಾಧಾನವಾಗಿ ಓದಿ.

ನಿಮ್ಮ ಪರಿಸ್ಥಿತಿಗೆ ಇ ಫ್ಲಾಟ್, ನಾಲ್ಕು ವಾಲ್ವಿನದು, ಕಾಂಪೆನ್ಸೇಟಿಂಗ್. ಬೇರೆ ಯೋಚನೆ ಬೇಡ. ಯಾಕೆ ಅಂತ ಹೇಳ್ತೀನಿ.

ಮೊದಲನೇದು ಓದೋದು. ಬ್ಯಾಂಡಿನಲ್ಲಿ ಇ ಫ್ಲಾಟ್ ಪಾರ್ಟ್ ಹಾಗೇ ಓದ್ತೀರಿ. ಆರ್ಕೆಸ್ಟ್ರಾದಲ್ಲಿ ಬಾಸ್ ಕ್ಲೆಫ್ ಬರುತ್ತೆ, ಅದಕ್ಕೆ ಹೆದರಬೇಕಾಗಿಲ್ಲ. ಬಾಸ್ ಕ್ಲೆಫಿನಲ್ಲಿ ಕೆಳಗಿಂದ ಮೂರನೇ ಸಂದಿಯಲ್ಲಿ ಇರೋ ಸ್ವರ ಇ. ಅದೇ ಸಂದಿ ಟ್ರೆಬಲ್ ಕ್ಲೆಫಿನಲ್ಲಿ ಸಿ. ನೀವು ಇ ಫ್ಲಾಟ್ ಬಾಸಿನಲ್ಲಿ ಆ ಸಿ ಊದಿದರೆ ಹೊರಗೆ ಕೇಳೋದು ಇ ಫ್ಲಾಟ್, ಸ್ಥಾಯಿ ಸಮೇತ ಸರಿಯಾಗಿ ಕೂರುತ್ತೆ. ಅಂದರೆ ಬಾಸ್ ಕ್ಲೆಫನ್ನು ಟ್ರೆಬಲ್ ಅಂದುಕೊಂಡೇ ಓದಿ, ಶುರುವಿನಲ್ಲಿ ಹಾಕಿರೋ ಫ್ಲಾಟುಗಳಲ್ಲಿ ಮೂರು ಕಳೀರಿ, ಫ್ಲಾಟ್ ಇಲ್ಲದಿದ್ದರೆ ಮೂರು ಶಾರ್ಪ್ ಸೇರಿಸಿ. ಮೂರು ಫ್ಲಾಟಿನ ಪಾರ್ಟು ನಿಮಗೆ ಏನೂ ಇಲ್ಲದ ಪಾರ್ಟಾಗುತ್ತೆ. ನಡುವೆ ಬರೋ ಶಾರ್ಪ್ ಫ್ಲಾಟ್ ಚಿಹ್ನೆಗಳಲ್ಲಿ ಮಾತ್ರ ಎಚ್ಚರ ಬೇಕು, ನೀವು ಎಫ್, ಸಿ, ಜಿ ಅಂತ ಓದೋ ಜಾಗಗಳಲ್ಲಿ ನ್ಯಾಚುರಲ್ ಇದ್ದರೆ ಅದು ನಿಮಗೆ ಶಾರ್ಪು, ಫ್ಲಾಟ್ ಇದ್ದರೆ ನ್ಯಾಚುರಲ್. ಒಂದು ವಾರ ಕೂತು ಸಾಧನೆ ಮಾಡಿದರೆ ಕಣ್ಣಿಗೆ ಹಿಡಿದುಬಿಡುತ್ತೆ. ಈ ಅನುಕೂಲ ಬಿ ಫ್ಲಾಟಿನ ಮೇಲೆ ಸಿಗಲ್ಲ. ಸಿ ಟ್ಯೂಬಾ ತಗೊಂಡರಂತೂ ನೀವೇ ಹೇಳಿದ ಹಾಗೆ ಬ್ಯಾಂಡಿನಲ್ಲಿ ಪ್ರತಿ ಸ್ವರವನ್ನೂ ತಲೆಯಲ್ಲೇ ಬದಲಾಯಿಸ್ಕೊಂಡು ಊದಬೇಕು.

ಎರಡನೇದು ಕಾಂಪೆನ್ಸೇಟಿಂಗ್ ಯಾಕೆ ಅಂತ. ಎರಡು ಮೂರು ವಾಲ್ವ್ ಒಟ್ಟಿಗೆ ಒತ್ತಿದಾಗ ಸ್ವರ ಶ್ರುತಿಗಿಂತ ಮೇಲೆ ಹೋಗುತ್ತೆ, ಅದು ನಿಮಗೆ ಗೊತ್ತೇ ಇದೆ. ಕೊಳವೆ ಉದ್ದ ಆಗಿಹೋಗಿರುತ್ತೆ, ಅದಕ್ಕೆ ಮುಂದಿನ ವಾಲ್ವ್ ಸೇರಿಸೋ ತುಂಡು ಸಾಲದು. ನಾಲ್ಕನೇ ವಾಲ್ವ್ ಇದ್ದರೆ ಒಂದು ಮತ್ತು ಮೂರರ ಬದಲು ನಾಲ್ಕು ಒತ್ತಬಹುದು, ಅಲ್ಲಿಗೆ ಅರ್ಧ ಸಮಸ್ಯೆ ಹೋಯಿತು. ಆದರೆ ನಾಲ್ಕನೇದರ ಜೊತೆ ಬೇರೆ ವಾಲ್ವ್ ಸೇರಿಸಿ ಇನ್ನೂ ಕೆಳಗೆ ಮಂದ್ರಕ್ಕೆ ಇಳಿದಾಗ ಮತ್ತೆ ಅದೇ ಅಪಸ್ವರ. ಬ್ಲೇಕ್ಲಿ ಅನ್ನೋರು 1874ರಲ್ಲಿ ವಾದ್ಯ ತಯಾರಿಸೋ ಬೂಸಿ ಕಂಪನಿಯಲ್ಲಿ ಇದಕ್ಕೆ ದಾರಿ ಹುಡುಕಿದರು. ನಾಲ್ಕನೇ ವಾಲ್ವ್ ಒತ್ತಿದಾಗ ಗಾಳಿ ತಿರುಗಿ ಬಂದು ಮೊದಲ ಮೂರು ವಾಲ್ವಿನೊಳಗೆ ಇನ್ನೊಂದು ಸಲ ಹಾಯುತ್ತೆ, ಅಲ್ಲಿ ಚಿಕ್ಕ ಚಿಕ್ಕ ಹೆಚ್ಚುವರಿ ತುಂಡುಗಳು ಇರುತ್ತವೆ, ಕಡಿಮೆ ಬಿದ್ದ ಉದ್ದ ತಾನಾಗೇ ತುಂಬಿಕೊಳ್ಳುತ್ತೆ. ಶ್ರುತಿ ಸರಿ ಮಾಡೋಕೆ ಸ್ಲೈಡ್ (ಹೊರಗೆ ಎಳೆಯೋ ಕೊಳವೆ ತುಂಡು) ಎಳೆದು ತಳ್ಳೋ ಕೆಲಸ ಬಹಳ ಕಡಿಮೆ. ಮಂದ್ರದ ಪೂರ್ತಿ ಒಂದೂ ಸ್ವರ ಬಿಡದೆ ಪೆಡಲ್, ಅಂದರೆ ವಾಲ್ವ್ ಒತ್ತದೆ ಸಿಗೋ ಅತಿ ತಳದ ಸ್ವರದ ತನಕ ಇಳೀಬಹುದು. ಕಾಂಪೆನ್ಸೇಟಿಂಗ್ ಅಲ್ಲದ ನಾಲ್ಕು ವಾಲ್ವಿನ ಇ ಫ್ಲಾಟಿನಲ್ಲಿ ನಾಲ್ಕೂ ಒತ್ತಿದರೂ ಪೆಡಲಿಗೆ ಅರ್ಧ ಸ್ವರ ಮೇಲಿನ ಇ ಸಿಗಲ್ಲ. ನ್ಯಾಯವಾಗಿ ಹೇಳಬೇಕಂದ್ರೆ ಕಾಂಪೆನ್ಸೇಟಿಂಗಲ್ಲೂ ತಳದ ಇ, ಎಫ್ ಊದುವಾಗ ಗಾಳಿ ಸ್ವಲ್ಪ ತಡೆದ ಹಾಗೆ ಅನ್ನಿಸುತ್ತೆ, ಅಷ್ಟು ತಿರುವು ದಾಟಿ ಹೋಗಬೇಕಲ್ಲ. ಬಾಯಿ ಒಳಗೆ ಜಾಗ ಮಾಡಿಕೊಂಡು, ನಿಧಾನವಾಗಿ ಬೆಚ್ಚನೆ ಉಸಿರು ಕೊಟ್ಟರೆ ಬರುತ್ತೆ, ಜೋರು ಮಾಡಿದರೆ ಬರಲ್ಲ.

ಮೂರನೇದು ನಿಮ್ಮ ಮೈ. ಇದನ್ನ ಯಾರೂ ಹೇಳಲ್ಲ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಇಟ್ಟು ಕೂತು, ಕಣ್ಣು ಮುಚ್ಚಿ, ಯಾರಾದರೂ ವಾದ್ಯ ತಂದು ತೊಡೆ ಮೇಲೆ ಇಟ್ಟಾಗ ಮೌತ್‌ಪೀಸ್ ತಾನಾಗೇ ತುಟಿಗೆ ಬರಬೇಕು. ದೊಡ್ಡ ಬಿ ಫ್ಲಾಟಿನಲ್ಲಿ ಕುಳ್ಳಗಿರೋರಿಗೆ ಅದು ಮೂಗಿನ ಹತ್ತಿರ ಬರುತ್ತೆ, ಆಗ ಗದ್ದ ಎತ್ತಿ ಊದ್ತಾರೆ, ಗದ್ದ ಎತ್ತಿದ ತಕ್ಷಣ ಗಂಟಲು ಬಿಗೀತದೆ, ಉಸಿರು ಅರ್ಧಕ್ಕೆ ನಿಲ್ಲುತ್ತೆ. ನಮ್ಮಲ್ಲಿ ಹೊಸ ಹುಡುಗರು ಸೇರಿದಾಗ ಮೊದಲು ನೋಡ್ತಿದ್ದದ್ದು ಇದನ್ನೇ, ಆಮೇಲೆ ಯಾವ ವಾದ್ಯ ಕೊಡೋದು ಅಂತ ತೀರ್ಮಾನ.

ಮಾರ್ಚಿಗೂ ಇ ಫ್ಲಾಟೇ ಸರಿ, ಎತ್ತಿದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತೆ. ಹಾರ್ನೆಸ್ ಒಂದು ಒಳ್ಳೇದು ತಗೊಳ್ಳಿ, ಒಂದು ಭುಜಕ್ಕೆ ಹಾಕೋ ಪಟ್ಟಿ ಬೇಡ, ಎರಡೂ ಭುಜಕ್ಕೆ ಭಾರ ಹಂಚೋದು ಇರಲಿ.

ಡಲ್ಲಾಸ್_ದೊಡ್ಡಸ್ವರ

ಸರ್, ಆ ಕ್ಲೆಫ್ ವಿಚಾರ ಓದಿ ಪೇಪರ್ ಪೆನ್ ಹಿಡಿದು ನೋಡ್ದೆ, ನೂರಕ್ಕೆ ನೂರು ಕೂರುತ್ತೆ. ಬ್ರಾಸ್ ಬ್ಯಾಂಡಿಂದ ಬರೋರಿಗೆ ಸಿ ಟ್ಯೂಬಾ ಬೇಡ ಅನ್ನೋದನ್ನ ಒಪ್ತೀನಿ. ಅಮೆರಿಕದಲ್ಲಿ ಇದೇ ಪ್ರಶ್ನೆ ಕೇಳೋರಿಗೆ ಮಾತ್ರ ನನ್ನ ಉತ್ತರ ಬದಲಾಗಲ್ಲ, ಇಲ್ಲಿ ಎಲ್ಲಾ ಪಾರ್ಟೂ ಬಾಸ್ ಕ್ಲೆಫು, ಇ ಫ್ಲಾಟ್ ಹುಡುಕಿದ್ರೂ ಸುಲಭಕ್ಕೆ ಸಿಗಲ್ಲ, ಊರಲ್ಲಿ ರಿಪೇರಿ ಮಾಡೋರಿಗೂ ಅಭ್ಯಾಸ ಇರಲ್ಲ.

ಆದ್ರೆ ಒಂದು ಅನುಮಾನ ಉಳೀತು. ದೊಡ್ಡ ಆರ್ಕೆಸ್ಟ್ರಾ ಟುಟ್ಟಿ (ಎಲ್ಲರೂ ಒಟ್ಟಿಗೆ ನುಡಿಸೋ ಜಾಗ) ಬಂದಾಗ ಒಂದು ಇ ಫ್ಲಾಟ್ ಕೆಳಗಿಂದ ಹಿಡಿದು ನಿಲ್ಲಿಸುತ್ತಾ? ಹದಿಮೂರಡಿ ಕೊಳವೆ ಸರ್ ಅದು.

ಲೀಡ್ಸ್_ಟ್ರಾಂಬೋನ್

ಇದಕ್ಕೆ ನಾನು ಉತ್ತರ ಹೇಳ್ತೀನಿ, ಯಾಕಂದ್ರೆ ಟ್ಯೂಬಾ ಪಕ್ಕದ ಕುರ್ಚಿ ನಂದು. ನಾನು ಬಾಸ್ ಟ್ರಾಂಬೋನ್, ಯಾರ್ಕ್‌ಷೈರಲ್ಲಿ ಹವ್ಯಾಸಿ ಆರ್ಕೆಸ್ಟ್ರಾಗಳಲ್ಲಿ ಊದ್ತೀನಿ, ಬೇರೆ ಬೇರೆ ಟ್ಯೂಬಾ ಪಕ್ಕ ಕೂತಿದೀನಿ.

ನಿಲ್ಲಿಸುತ್ತೆ. ಜಾನ್ ಫ್ಲೆಚರ್ ಅಂತ ಒಬ್ಬರಿದ್ರು, 1968ರಿಂದ 1987ರಲ್ಲಿ ತೀರಿಕೊಳ್ಳೋ ತನಕ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಟ್ಯೂಬಾ, ಫಿಲಿಪ್ ಜೋನ್ಸ್ ಬ್ರಾಸ್ ಎನ್ಸೆಂಬಲ್ಲಿನಲ್ಲೂ ಅವರೇ. ಆರ್ಕೆಸ್ಟ್ರಾ, ಚಿಕ್ಕ ತಂಡ ಎರಡ್ರಲ್ಲೂ ಅವರು ಹೆಸರು ಮಾಡಿದ್ದು ಇ ಫ್ಲಾಟ್ ಊದಿ. ವಾನ್ ವಿಲಿಯಮ್ಸ್ 1954ರಲ್ಲಿ ಬರೆದ ಟ್ಯೂಬಾ ಕಾನ್ಚೆರ್ಟೊನ ಫ್ಲೆಚರ್ ರೆಕಾರ್ಡ್ ಮಾಡಿದಾರೆ, ಕೇಳಿ ನೋಡಿ, ಮೇಲೆ ಹಾಡುತ್ತೆ ಕೆಳಗೆ ಗುಡುಗುತ್ತೆ, ಎರಡೂ ಇದೆ. ಈ ದೇಶದ ಆರ್ಕೆಸ್ಟ್ರಾಗಳಲ್ಲಿ ಇ ಫ್ಲಾಟ್ ಇಷ್ಟು ನೆಲೆ ನಿಂತಿದ್ದಕ್ಕೆ ಅವರೂ ದೊಡ್ಡ ಕಾರಣ.

ಪಕ್ಕ ಕೂತೋನಿಗೆ ಬೇಕಾಗಿರೋದು ದೊಡ್ಡ ಸದ್ದಲ್ಲ. ಸ್ವರ ಶುರುವಾಗೋ ಜಾಗ ನಿಖರ ಇರಬೇಕು, ಶ್ರುತಿ ಒಂದೇ ಕಡೆ ನಿಂತಿರಬೇಕು, ಅಷ್ಟು ಸಿಕ್ರೆ ನಾವು ಮೂರು ಟ್ರಾಂಬೋನು ಅದರ ಮೇಲೆ ಕಾರ್ಡ್ (ಒಟ್ಟಿಗೆ ಕೇಳೋ ಸ್ವರಗಳ ಗುಂಪು) ಕಟ್ತೀವಿ, ಕಾರ್ಡ್ ಸರಿ ಕೂತ್ರೆ ಕೆಳಗಿನ ಸ್ವರ ತಾನಾಗೇ ದಪ್ಪ ಕೇಳುತ್ತೆ. ಡ್ವೊರ್ಜಾಕ್ ಒಂಬತ್ತನೇ ಸಿಂಫನೀಲಿ ಟ್ಯೂಬಾಗೆ ಎರಡನೇ ಭಾಗದಲ್ಲಿ ಮಾತ್ರ ಕೆಲಸ, ಕೆಲವೇ ಸ್ವರ, ಅದೂ ಬಾಸ್ ಟ್ರಾಂಬೋನ್ ಜೊತೆಗೇ ಮೆಲ್ಲಗೆ. ಅಲ್ಲಿ ದೊಡ್ಡ ವಾದ್ಯ ಊದೋರ ಪಕ್ಕ ಕೂತಾಗ ನನ್ನ ಸ್ವರ ನಂಗೇ ಕೇಳ್ಸಿಲ್ಲ, ಇ ಫ್ಲಾಟ್ ಊದೋರ ಜೊತೆ ಎರಡು ವಾದ್ಯ ಒಂದೇ ಉಸಿರಲ್ಲಿ ಬಂದಂಗೆ ಬಂತು. ಕ್ವಿಂಟೆಟಲ್ಲಂತೂ ಟ್ಯೂಬಾಗೆ ಎಷ್ಟೋ ಸಲ ಮಾಧುರ್ಯದ ಸಾಲೇ ಸಿಗುತ್ತೆ, ಹಾರ್ನ್ ಜೊತೆ ಒಟ್ಟಿಗೆ ಓಡಬೇಕು, ಅಲ್ಲಿ ಚುರುಕು ಬೇಕು.

ಕೊಳ್ಳೋ ಬಗ್ಗೆ ಎರಡು ಮಾತು, ಇದು ಮುಖ್ಯ. ಈ ದೇಶದಲ್ಲಿ ಬ್ರಾಸ್ ಬ್ಯಾಂಡುಗಳು 1960ರ ದಶಕದ ಮಧ್ಯದ ತನಕ ಹೈ ಪಿಚ್ಚಲ್ಲಿ ಊದ್ತಿದ್ವು, ಎ ಅಂದ್ರೆ ಸುಮಾರು 452 ಹರ್ಟ್ಸ್. ಆ ಕಾಲದ ವಾದ್ಯ ಕಮ್ಮಿ ರೇಟಿಗೆ, ನೋಡೋಕೆ ಬಲು ಚೆಂದ, ಬೆಳ್ಳಿ ಲೇಪನ ಕೆತ್ತನೆ ಎಲ್ಲಾ ಇರುತ್ತೆ, ಈಗಲೂ ಮಾರ್ತಾರೆ. ಸ್ಲೈಡ್ ಉದ್ದ ಮಾಡಿಸಿ ಇಳಿಸಿರೋದಾದ್ರೂ ಎಲ್ಲಾ ವಾಲ್ವ್ ಸ್ಲೈಡೂ ಉದ್ದ ಮಾಡ್ಸಿದಾರಾ ಅಂತ ಟ್ಯೂನರ್ ಇಟ್ಟು ನೋಡ್ಲೇಬೇಕು, ಆರ್ಕೆಸ್ಟ್ರಾಲಿ ಶ್ರುತಿ ಕೊಡೋ ಓಬೋ ಜೊತೆ ಸೇರದ ವಾದ್ಯ ಎಷ್ಟು ಚೆಂದ ಇದ್ರೂ ಪ್ರಯೋಜನ ಇಲ್ಲ. ಹಳೇದ್ರಲ್ಲಿ ಮೌತ್‌ಪೀಸ್ ಕೂರೋ ಬಾಯಿನೂ ಸಣ್ಣ ಇರಬಹುದು, ನಿಮ್ಮ ಈಗಿನ ಮೌತ್‌ಪೀಸ್ ಒಳಗೆ ಹೋಗಲ್ಲ.

ಕಲ್ಬುರ್ಗಿ_ಹುಡುಗ

ನಡುವೆ ಒಂದು ಪ್ರಶ್ನೆ, ಬೈಬೇಡಿ. ಇದೆಲ್ಲ ನಮ್ಮ ಕಡೆ ಮದುವೆ ಬ್ಯಾಂಡಲ್ಲಿ ಮೈಗೆ ಸುತ್ತಕೊಂಡು ಊದ್ತಾರಲ್ಲ, ತಲೆ ಮೇಲೆ ದೊಡ್ಡ ಬಾಯಿ ಇರೋದು, ಅದೇನಾ?

ಬನ್ನಿಮಂಟಪ_ನಿವೃತ್ತ

ಅದು ಸೂಸಾಫೋನ್ ಮಗಾ, ಒಂದೇ ಕುಟುಂಬ. ನಡೆಯುವಾಗ ಭಾರ ಭುಜದ ಮೇಲೆ ಕೂರಲಿ ಅಂತ ಆ ಆಕಾರ, ಅಮೆರಿಕದ ಬ್ಯಾಂಡ್ ಮಾಸ್ಟರ್ ಸೂಸಾ ಅವರ ಹೆಸರಲ್ಲಿ ಬಂದದ್ದು. ನಮ್ಮ ದೇಶದ ಮದುವೆ ಬ್ಯಾಂಡಿನ ವಾದ್ಯಗಳಿಗೆ ಉತ್ತರಪ್ರದೇಶದ ಮೀರತ್ ಹೆಸರುವಾಸಿ, ಜಾಲಿ ಕೋಠಿ ಅನ್ನೋ ಬೀದಿ, ಅಲ್ಲಿ ನಾದಿರ್ ಅಲಿ ಕಂಪನಿ 1885ರಿಂದ ಇದೆ. ಕಲೀಬೇಕು ಅಂತ ಮನಸ್ಸಿದ್ದರೆ ಬೇರೆ ಥ್ರೆಡ್ ಹಾಕು, ಅಲ್ಲಿ ಮಾತಾಡೋಣ.

ಧಾರವಾಡ_ಸ್ಟುಟ್‌ಗಾರ್ಟ್

ನಿವೃತ್ತ ಸರ್ ಹೇಳಿದ್ದು ಓದಿ ನಾನೂ ಇ ಫ್ಲಾಟ್ ಕಡೆ ವಾಲಿದೆ. 3/4 ಬಿ ಫ್ಲಾಟಿನೊಳಗ ಭಾಳ ಮಾಡೆಲ್ ಮೂರ ವಾಲ್ವಿನಾವು, ಶಾಲಿ ಹುಡುಗುರ ಸಲುವಾಗಿ ಮಾಡಿದ್ದು. ಆರ್ಕೆಸ್ಟ್ರಾಕ್ಕ ನಾಲ್ಕನೇ ವಾಲ್ವ್ ಇಲ್ದಂಗ ಆಗೂದಿಲ್ಲ. ಹಗೂರ ಬೇಕಂತ ಅದನ್ನ ತಗೊಂಡ್ರ ಕೆಳಗಿನ ಇ ಆದಮ್ಯಾಲ ಪೆಡಲ್ ಬಿ ಫ್ಲಾಟಿನ ತನಕ ನಡುವ ಖಾಲಿನ ಖಾಲಿ.

ಕಾಫಿಸೀಮೆ_ಬಾಸ್

ಎಲ್ಲರಿಗೂ ಹೃದಯದಿಂದ ಥ್ಯಾಂಕ್ಸ್. ನಿರ್ಧಾರ ಆಯ್ತು, ಇ ಫ್ಲಾಟ್ ಕಾಂಪೆನ್ಸೇಟಿಂಗ್. ಬಿ ಫ್ಲಾಟ್ ಹೇಗೂ ಬ್ಯಾಂಡಿಂದು ಕೈಯಲ್ಲಿದೆ, ಸಾಲ ಸಿಗದೇ ಇರೋದನ್ನೇ ಕೊಂಡ್ಕೊಳ್ಳೋದು ಸರಿ ಅನ್ನಿಸ್ತು.

ಎರಡು ನೋಡಿಟ್ಟಿದೀನಿ, ಎರಡೂ ಬೆಸನ್ ಕಂಪನಿಯ ಸಾವರಿನ್ ಮಾಡೆಲ್, ಎರಡೂ ನನ್ನ ಬಜೆಟ್ ಒಳಗೆ. ಒಂದು 19 ಇಂಚು ಬೆಲ್, ಇನ್ನೊಂದು 17 ಇಂಚು. 19ರದ್ದು ಹೊಸತರ ಥರ ಇದೆ, 17ರದ್ದರ ಲ್ಯಾಕರ್ (ಮೇಲಿನ ಹೊಳಪಿನ ಲೇಪ) ಅಲ್ಲಲ್ಲಿ ಹೋಗಿದೆ, ಬೆಲ್ ಅಂಚಲ್ಲಿ ಒಂದು ತಗ್ಗು. ಶನಿವಾರ ಹೋಗಿ ಎರಡನ್ನೂ ಊದಿ ನೋಡ್ತೀನಿ. ಏನೇನು ಪರೀಕ್ಷೆ ಮಾಡ್ಬೇಕು, ಬೆಲ್ ಯಾವುದು ಅಂತ ಸ್ವಲ್ಪ ಹೇಳಿ.

ಲೀಡ್ಸ್_ಟ್ರಾಂಬೋನ್

ಬ್ಯಾಂಡೇ ಮುಖ್ಯ ಆಗಿದ್ರೆ 19, ಎರಡು ಇ ಫ್ಲಾಟ್ ಎರಡು ಬಿ ಫ್ಲಾಟ್, ಒಟ್ಟು ನಾಲ್ಕು ಬಾಸ್ ಕೂಡಿ ಊದುವಾಗ ಆ ಅಗಲ ಚೆನ್ನಾಗಿ ಬೆರೆಯುತ್ತೆ, ಆರ್ಕೆಸ್ಟ್ರಾಲೂ ಒಬ್ಬರೇ ಇರೋವಾಗ ತುಂಬಿಕೊಡುತ್ತೆ. ಕ್ವಿಂಟೆಟ್ಟಿಗೆ 17 ಸ್ಪಷ್ಟ, ಸ್ವರ ಬೇಗ ಹೊರಡುತ್ತೆ, ಕಾರಿನ ಹಿಂದಿನ ಸೀಟಲ್ಲೂ ಸುಲಭಕ್ಕೆ ಮಲಗುತ್ತೆ. ನಿಮ್ಮ ಮೂರು ಕೆಲಸದಲ್ಲಿ ಎರಡಕ್ಕೆ 19 ಕಡೆ ತೂಕ ಜಾಸ್ತಿ, ಆದ್ರೆ ನಾನಾಗಿದ್ರೆ ಬೆಲ್ ನೋಡಿ ತೀರ್ಮಾನ ಮಾಡ್ತಿರ್ಲಿಲ್ಲ, ವಾಲ್ವ್ ಯಾವುದ್ರದ್ದು ಚೆನ್ನಾಗಿದೆ ಅಂತ ನೋಡ್ತಿದ್ದೆ.

ಬನ್ನಿಮಂಟಪ_ನಿವೃತ್ತ

ಹೌದು, ವಾಲ್ವೇ ಮೊದಲು. ತಗ್ಗು ತೆಗೆಸಬಹುದು, ಲ್ಯಾಕರ್ ಹೋದರೆ ನಾದಕ್ಕೆ ಏನೂ ಆಗಲ್ಲ. ವಾಲ್ವ್ ಸವೆದಿದ್ದರೆ ಅದರ ಖರ್ಚು ದೊಡ್ಡದು, ಕಾಂಪೆನ್ಸೇಟಿಂಗಲ್ಲಿ ಇನ್ನೂ ದೊಡ್ಡದು, ಒಂದೊಂದು ವಾಲ್ವಿಗೂ ತೂತು ಜಾಸ್ತಿ, ಸೋರಿಕೆಗೆ ದಾರಿನೂ ಜಾಸ್ತಿ. ಹೀಗೆ ನೋಡಿ, ಯಾವ ವಾಲ್ವೂ ಒತ್ತದೆ ಒಂದನೇ ಸ್ಲೈಡನ್ನು ಎರಡಿಂಚು ಹೊರಗೆ ಎಳೀರಿ, ಕೆಲವು ಸೆಕೆಂಡ್ ಹಾಗೇ ಹಿಡಿದಿರಿ, ಆಮೇಲೆ ಆ ವಾಲ್ವ್ ಒತ್ತಿ. ಪಟ್ ಅಂತ ಸದ್ದು ಬಂದರೆ ಗಾಳಿ ಒಳಗೆ ನಿಂತಿತ್ತು, ವಾಲ್ವ್ ಗಟ್ಟಿ ಇದೆ ಅಂತ. ಸದ್ದೇ ಬರಲಿಲ್ಲ ಅಂದರೆ ಸೋರ್ತಿದೆ. ನಾಲ್ಕಕ್ಕೂ ಹೀಗೇ ಮಾಡಿ. ಸ್ಲೈಡ್ ಯಾವುದಾದರೂ ಕಚ್ಚಿಕೊಂಡಿದ್ದರೆ ನೀವು ಬಲ ಹಾಕಬೇಡಿ, ಅಂಗಡಿಯವರಿಗೇ ಬಿಡಿಸಿ ತೋರಿಸೋಕೆ ಹೇಳಿ.

ಬ್ಯಾಂಡಿನ ವಾದ್ಯಕ್ಕೆ ಹಾಕೋ ಮೌತ್‌ಪೀಸೇ ಜೊತೆಗೆ ಒಯ್ಯಿರಿ, ಆದರೆ ಅದು ಬಿ ಫ್ಲಾಟಿನದು, ಬಟ್ಟಲು ದೊಡ್ಡದಿರುತ್ತೆ, ಇ ಫ್ಲಾಟಿಗೆ ಒಂದು ಸೈಜ್ ಚಿಕ್ಕದನ್ನೂ ಅಲ್ಲೇ ಕೇಳಿ ಊದಿ ನೋಡಿ. ಮೊದಲು ಉದ್ದ ಸ್ವರಗಳು, ಮೆಲ್ಲಗೆ, ಟ್ಯೂನರ್ ನೋಡದೆ. ನಿಮಗೆ ಸರಿ ಅನ್ನಿಸಿದ ಜಾಗದಲ್ಲಿ ಸ್ವರ ನಿಲ್ಲಿಸಿ, ಆಮೇಲೆ ಬೇರೆಯವರಿಗೆ ಟ್ಯೂನರ್ ನೋಡಿ ಹೇಳೋಕೆ ಹೇಳಿ. ಟ್ಯೂನರ್ ನೋಡ್ಕೊಂಡು ಊದಿದರೆ ಬಾಯಿ ತಾನೇ ಸರಿ ಮಾಡ್ಕೊಂಡುಬಿಡುತ್ತೆ, ವಾದ್ಯದ ದೋಷ ಮುಚ್ಚಿಹೋಗುತ್ತೆ. ಚೈಕೋವ್‌ಸ್ಕಿ ಪಾರ್ಟ್ ಪ್ರಿಂಟ್ ತಗೊಂಡು ಹೋಗಿ, ಕೊನೇ ಭಾಗದ ಜೋರಿನ ಸಾಲು ಎರಡರಲ್ಲೂ ಊದಿ. ನಿಮ್ಮ ಕ್ವಿಂಟೆಟಿನ ಟ್ರಾಂಬೋನ್‌ನವರನ್ನ ಕರ್ಕೊಂಡು ಹೋಗಿ ಕೋಣೆಯ ಆ ಕೊನೆಯಲ್ಲಿ ನಿಲ್ಲಿಸಿ, ಕಿವಿಗೆ ಬೀಳೋದು ಅಲ್ಲಿ ಬೇರೆ, ಬೆಲ್ ಕೆಳಗೆ ಕೂತಿರೋ ನಿಮಗೆ ಬೇರೆ. ಕೊನೆಗೆ ಬ್ಯಾಗಿಗೆ ಹಾಕಿ ಅಂಗಡಿ ಮೆಟ್ಟಿಲು ಒಂದು ಸಲ ಹತ್ತಿ ಇಳೀರಿ, ಮೂರು ಮಹಡಿ ದಿನಾ ಹೊರಬೇಕಾದೋರು ನೀವು.

ಶನಿವಾರ ಯಾವುದು ತಗೊಂಡ್ರಿ ಅಂತ ಇಲ್ಲೇ ಬರೀರಿ ತಾಯಿ.